ನನ್ನ ಸಾಲಿಗೆ ಕಾಟು ಹಾಕಿದವರು

ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕರು ಈಗಲೂ ಆಗಾಗ ಹೊಳನಗದ್ದೆಯ ನಮ್ಮ ಮನೆಗೆ ಬರುತ್ತಾರೆ. ಬಂದವರು ಚಹಾ ಕುಡಿದು ಕೇಳುವುದು ಒಂದೇ ಪ್ರಶ್ನೆ: "ಅಕ್ಕೋರೆ, ಪಾಠ ಬರೆದು ಜಾಲತಾಣಕ್ಕೆ ಹಾಕೂದು ಹೆಂಗೆ?" ಹಾಕುವುದರಲ್ಲಿ ಏನೂ ಇಲ್ಲ. ಫೋನಿನಲ್ಲೇ ಆಗುವ ಹತ್ತು ನಿಮಿಷದ ಕೆಲಸ. ಹಾಕಿದ ಮೇಲೆ ಅದನ್ನು ಬೇರೆಯವರು ತಿದ್ದುವಾಗ ಮೈ ಉರಿಯದಂತೆ ಕುಳಿತಿರುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ, ಅದನ್ನೇ ಇಲ್ಲಿ ಬರೆಯುತ್ತೇನೆ. ಬಡ್ತಿ, ಸನ್ಮಾನಗಳ ಮಾತು ಬೇಡ. ಶಾಲುಗಳು ಕಪಾಟಿನಲ್ಲಿ ಚೆನ್ನಾಗಿಯೇ ಇವೆ.

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯಾಗಿದ್ದವಳು. ಹೊನ್ನಾವರ ಪೇಟೆಯಿಂದ ಶರಾವತಿಯ ದಂಡೆಗುಂಟ ಮೇಲಕ್ಕೆ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ನಮ್ಮ ಶಾಲೆ. ಹಿಂದೆಯೇ ಹೊಳೆ, ಸಮುದ್ರದ ಉಬ್ಬರ ಅಲ್ಲಿಯವರೆಗೂ ಏರುತ್ತದೆ. ನಾನು ಸೇರಿದ ಕಾಲಕ್ಕೆ ಪಾಠೋಪಕರಣ ಎಂದರೆ ಕೈಯಾರೆ ಬರೆದ ಚಾರ್ಟು. ಅದನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತರುವಾಗ ಮೀನಿನ ಬುಟ್ಟಿಗೆ ತಾಗದ ಹಾಗೆ ತಲೆಯ ಮೇಲೆ ಹಿಡಿದುಕೊಳ್ಳಬೇಕಿತ್ತು. ಆಮೇಲೆ ಸೈಕ್ಲೋಸ್ಟೈಲ್ ಹಾಳೆ ಬಂತು, ಜೆರಾಕ್ಸ್ ಬಂತು, ಎಲ್ಲಿಂದಲೋ ಸಿ.ಡಿ.ಗಳು ಬಂದವು. ಆ ಸಿ.ಡಿ.ಯಲ್ಲಿ ಸಮುದ್ರದ ಪಾಠ ಹೇಳುವ ಮಹಾಶಯರು ಸಮುದ್ರವನ್ನು ಕಣ್ಣಾರೆ ನೋಡಿರಲಿಲ್ಲ ಎಂಬ ಗುಮಾನಿ ನನಗೆ ಇಂದಿಗೂ ಇದೆ. ನಮ್ಮ ಮಕ್ಕಳು ಅದನ್ನು ನೋಡಿ ನಗುತ್ತಿದ್ದರು. ನಮ್ಮ ನೀರಿನ ಪಾಠವನ್ನು ನಾವೇ ಬರೆಯಬೇಕು ಎಂಬ ಹಟ ನನಗೆ ಹತ್ತಿದ್ದು ಆಗ.

ನನ್ನ ನೌಕರಿಯ ಕೊನೆಯ ಕೆಲವು ವರ್ಷಗಳಲ್ಲಿ ಅದಕ್ಕೆ ದಾರಿ ಸಿಕ್ಕಿತು. ಶಿಕ್ಷಕರೇ ಸೇರಿ ಪಾಠ ಬರೆಯುವ ಮುಕ್ತ ಜಾಲತಾಣವೊಂದನ್ನು ಇಲಾಖೆಯವರು ನಮಗೆ ಒದಗಿಸಿದರು. ಒಂದೊಂದು ಪಾಠಕ್ಕೂ ಒಂದೊಂದು ಪುಟ. ಓದು, ಚಿತ್ರ, ಪ್ರಶ್ನೆ, ಮಕ್ಕಳು ಮಾಡಿ ನೋಡುವ ಚಟುವಟಿಕೆ, ಎಲ್ಲ ಅದರಲ್ಲೇ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ತಮ್ಮ ಶಾಲೆಗೆ ಇಳಿಸಿಕೊಳ್ಳಬಹುದು. ಪ್ರತಿ ಪುಟದ ಮೇಲೆ 'ಸಂಪಾದಿಸಿ' ಎಂಬ ಗುಂಡಿ. ಅದರ ಪಕ್ಕದಲ್ಲಿ 'ಇತಿಹಾಸ'. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರು, ಏಕೆ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕಿನ ಗುಂಪಿಗೆ ನನ್ನನ್ನು ಮುಖ್ಯಸ್ಥೆ ಮಾಡಿದರು. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಮೊದಲ ಪಾಠ ನಾನೇ ಬರೆದೆ: ಉಬ್ಬರ ಇಳಿತ. ಅದರ ಜೀವ ಒಂದು ಪಟ್ಟಿಯಲ್ಲಿತ್ತು. ಶಾಲೆಯ ಹಿಂದೆ ಹೊಳೆಯಲ್ಲಿ ಬಿದಿರಿನ ಗಳ ಹುಗಿದು, ಅದಕ್ಕೆ ಬಣ್ಣದ ಗೆರೆ ಎಳೆದು, ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಸರದಿಯ ಮೇಲೆ ತಿಂಗಳುಗಟ್ಟಲೆ ನೀರನ್ನು ಅಳೆದಿದ್ದರು. ಯಾವ ತಿಥಿಯಂದು ಎಷ್ಟು ಗಂಟೆಗೆ ನೀರು ಪೂರ್ತಿ ಇಳಿಯುತ್ತದೆ ಎಂದು ಕ್ಯಾಲೆಂಡರ್ ನೋಡಿ ಹೇಳಬಹುದಾದ ಪಟ್ಟಿ ಅದು. ಅದರ ಕೆಳಗೆ ಚಟುವಟಿಕೆ: 'ಇಳಿತದ ಹೊತ್ತಿಗೆ ಶಿಕ್ಷಕರೊಂದಿಗೆ ಮರಳ ದಿಬ್ಬಕ್ಕೆ ಹೋಗಿ, ಅಲ್ಲಿರುವ ಜೀವಿಗಳನ್ನು ಗಮನಿಸಿ.' ಯಾವ ಸಿ.ಡಿ.ಯಲ್ಲಿ ಸಿಗುತ್ತದೆ ಇಂಥದ್ದು?

ಕುಮಟೆಯಲ್ಲಿ ಮೊದಲ ಕಾರ್ಯಾಗಾರ ಮಾಡಿ, ಎಲ್ಲರೂ ಮನೆಗೆ ಹೋಗಿ ಈ ಪಾಠವನ್ನು ತಿದ್ದಿ ಬೆಳೆಸಬೇಕು ಎಂದು ಹೇಳಿ ಕಳಿಸಿದೆ. ವಾರ ಬಿಟ್ಟು ನೋಡಿದರೆ ನನ್ನ ಪುಟ ಇದ್ದ ಹಾಗೇ ಇದೆ. ಅದರ ಸುತ್ತ ಹನ್ನೊಂದು ಹೊಸ ಪುಟಗಳು ಹುಟ್ಟಿವೆ. 'ಉಬ್ಬರ ಇಳಿತ ೨', 'ಉಬ್ಬರ ಇಳಿತ (ಕುಮಟಾ)', 'ಉಬ್ಬರ ಇಳಿತ, ಅಕ್ಕೋರ ಪಾಠದ ಆಧಾರದ ಮೇಲೆ'. ಒಬ್ಬರಂತೂ 'ಉಬ್ಬರ ಇಳಿತ, ತಿದ್ದಿದ್ದಲ್ಲ, ಸುಮ್ಮನೆ' ಎಂದೇ ಹೆಸರಿಟ್ಟಿದ್ದರು. ಹಿರಿಯರು ಬರೆದದ್ದಕ್ಕೆ ಕಾಟು ಹಾಕುವುದು ಹೇಗೆ ಎಂದು ಹೆದರಿ, ಪ್ರತಿಯೊಬ್ಬರೂ ನನ್ನದನ್ನು ನಕಲು ಮಾಡಿಕೊಂಡು ತಮ್ಮ ನಕಲಿನಲ್ಲಿ ಮಾತ್ರ ತಿದ್ದಿದ್ದರು. ಬಿದ್ದು ಬಿದ್ದು ನಕ್ಕೆ. ಹನ್ನೊಂದನ್ನೂ ಅಳಿಸಿ, ನನ್ನ ಪುಟವನ್ನೇ ತಿದ್ದಿ ಎಂದು ಕಟ್ಟುನಿಟ್ಟಾಗಿ ಬರೆದೆ. ಆಮೇಲೆ ಪುಟದ ಹತ್ತಿರ ಯಾರೂ ಸುಳಿಯಲಿಲ್ಲ. ಫೋನುಗಳು ಬಂದವು, ಹೊಗಳಿಕೆಗಳು ಬಂದವು. ಒಬ್ಬ ಮಾಸ್ತರರು ಪುಟವನ್ನು ಪ್ರಿಂಟು ತೆಗೆದು, ಪೆನ್ಸಿಲಿನಲ್ಲಿ ಮೆಲ್ಲಗೆ ಗುರುತು ಹಾಕಿ, ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟರು.

ಫೋನು ಮಾಡಿದವರಲ್ಲಿ ವಿನಾಯಕನೂ ಒಬ್ಬ. ತೋಟದ ಮನೆಯ ಹುಡುಗ. ನನ್ನ ಶಾಲೆಯಲ್ಲೇ ಓದಿ, ನನ್ನ ಹಾಗೆಯೇ ವಿಜ್ಞಾನ ಶಿಕ್ಷಕನಾಗಿ, ಆಗ ಹೊನ್ನಾವರದಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರದ ಶಾಲೆಯಲ್ಲಿದ್ದ.

"ಪಾಠ ಭಾರೀ ಚಲೋ ಆಗಿದೆ ಅಕ್ಕೋರೆ," ಎಂದ. ಆಮೇಲೆ, "ಆ ಪಟ್ಟಿ ನೀವೇ ಮಾಡಿದ್ದಾ?" ಎಂದು ಕೇಳಿದ.

"ಹೌದು. ಎಂತಕ್ಕೆ?"

"ಎಂತಕ್ಕೂ ಇಲ್ಲ. ಸುಮ್ನೆ ಕೇಳಿದೆ."

ನಾನು ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಭಟ್ಕಳದ ರುಕ್ಸಾನಾ ಟೀಚರ್ ಮಾತ್ರ ಮಾತಾಡುವ ಬದಲು ಕೆಲಸ ಮಾಡಿದರು. ಉರ್ದು ಶಾಲೆಯ ಅಧ್ಯಾಪಕಿ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು, ನಮ್ಮೊಂದಿಗೆ ಅಚ್ಚುಕಟ್ಟಾದ ಕನ್ನಡ. ಇಡೀ ಪಾಠವನ್ನು ಉರ್ದುವಿಗೆ ಅನುವಾದಿಸಿದರು, ಪಟ್ಟಿಯನ್ನೂ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ಚಟುವಟಿಕೆ ಮಾಡಿಸಲು ತಮ್ಮ ಇಪ್ಪತ್ತು ಚಿಲ್ಲರೆ ಹುಡುಗಿಯರನ್ನು ಶರಾವತಿಯ ಅಳಿವೆಗೆ ಕರೆತರುತ್ತೇನೆ, ನೀವೂ ಬನ್ನಿ ಎಂದು ನನ್ನನ್ನು ಕರೆದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ.

ಅಂದು ದ್ವಾದಶಿ. ಪಟ್ಟಿಯ ಪ್ರಕಾರ ನೀರು ಪೂರ್ತಿ ಇಳಿಯುವುದು ಮಧ್ಯಾಹ್ನ ನಾಲ್ಕಕ್ಕೆ. ಮೂರು ಗಂಟೆಯ ಸುಮಾರಿಗೆ ದಂಡೆಯಿಂದ ಮರಳ ದಿಬ್ಬಕ್ಕೆ ದಾಟಿದೆವು. ನಡುವಿನ ತಗ್ಗಿನಲ್ಲಿ ಪಾದ ಮುಳುಗುವಷ್ಟು ನೀರು. ಹುಡುಗಿಯರು ಏಡಿಯ ಬಿಲ ಎಣಿಸಿದರು, ಮರಳು ಕೆದಕಿ ಬಳಚು ಹೆಕ್ಕಿದರು. ಆ ಚಿಪ್ಪಿನೊಳಗಿನ ಜೀವಿ ಹೇಗೆ ಉಸಿರಾಡುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅಲ್ಲೇ ಬಳಚು ತೆಗೆಯುತ್ತಿದ್ದ ನಾಲ್ಕೈದು ಹೆಂಗಸರು ಬುಟ್ಟಿ ತುಂಬಿಕೊಂಡು ಹೊರಟರು. ನೀರಿನವರೇ ಕೆಲಸ ಮುಗಿಸಿ ಎದ್ದರಲ್ಲ ಎಂದು ವಿಜ್ಞಾನ ಶಿಕ್ಷಕಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವರಲ್ಲಿ ಒಬ್ಬಾಕೆ ಪಾತಿದೋಣಿಯಲ್ಲಿ ನಮ್ಮ ಹತ್ತಿರವೇ ಬಂದಳು. ಹೆಸರು ಮಾದೇವಿ ಎಂದು ಆಮೇಲೆ ತಿಳಿಯಿತು. ಚಿಕ್ಕ ದೋಣಿ, ಅದರಲ್ಲಿ ಎರಡು ಬುಟ್ಟಿ ಬಳಚು.

"ಅಕ್ಕೋರೆ, ಮಕ್ಕಳ ಕರ್ಕಂಡು ಹೊರಡಿ. ನೀರು ತಿರುಗಿ ಬಾಳ ಹೊತ್ತಾತು."

"ಇಲ್ಲ ಮಾರಾಯ್ತಿ, ನಾಲ್ಕು ಗಂಟೆವರೆಗೆ ಇಳೀತದೆ," ಎಂದು ಫೋನು ಎತ್ತಿ ತೋರಿಸಿದೆ.

"ಫೋನಲ್ಲಿ ಇಳಿದ್ರೆ ಇಳೀಲಿ. ನಿಮ್ಮ ಕಾಲಬುಡ ನೋಡ್ಕಳಿ."

ನೋಡಿಕೊಂಡೆ. ಸೀರೆಯ ಅಂಚು ಗೇಣುದ್ದ ಒದ್ದೆಯಾಗಿತ್ತು. ತಿರುಗಿ ದಂಡೆಯ ಕಡೆ ನೋಡಿದರೆ, ಪಾದ ಮುಳುಗುವಷ್ಟಿದ್ದ ತಗ್ಗಿನಲ್ಲಿ ನೀರು ಒಳಮುಖವಾಗಿ ಸೆಳೆಯುತ್ತಿತ್ತು. ಹುಡುಗಿಯರ ಸೊಂಟಕ್ಕೆ ಬರುವಷ್ಟು ಆಳ. ರುಕ್ಸಾನಾ ಟೀಚರ್ ಹುಡುಗಿಯರನ್ನು ಕೈ ಕೈ ಹಿಡಿಸಿ ದಿಬ್ಬದ ಎತ್ತರದ ಜಾಗದಲ್ಲಿ ನಿಲ್ಲಿಸಿ, ಗಟ್ಟಿ ದನಿಯಲ್ಲಿ ಹೆಸರು ಕೂಗಿ ಎಣಿಸತೊಡಗಿದರು. ಮಾದೇವಿ ಎರಡೂ ಬುಟ್ಟಿ ಬಳಚನ್ನು ಹೊಳೆಗೆ ಸುರುವಿ ದೋಣಿ ಖಾಲಿ ಮಾಡಿದಳು. ನಾಲ್ಕು ನಾಲ್ಕು ಹುಡುಗಿಯರನ್ನು ಕೂರಿಸಿಕೊಂಡು ಆರು ಸಲ ಹೋಗಿ ಬಂದಳು. ಕೊನೆಯ ಸಲ ನಾನು ದೋಣಿ ಹತ್ತುವಾಗ ನಾವು ನಿಂತಿದ್ದ ಜಾಗ ಹಾಸುಗಲ್ಲಿನಷ್ಟು ಉಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಒಂದು ಜೊತೆ ಚಪ್ಪಲಿ ಹೋಯಿತು.

ದಂಡೆಯಲ್ಲಿ ಸೆರಗು ಹಿಂಡುತ್ತ ಮಾದೇವಿ ಕೇಳಿದಳು, "ನಾಲ್ಕು ಗಂಟೆ ಅಂತ ನಿಮಗೆ ಹೇಳಿದ್ದು ಯಾರು?"

"ನಾನೇ ಬರೆದದ್ದು."

"ಎಲ್ಲಿ ನಿತ್ಕಂಡು ಬರೆದ್ರಿ?"

"ನಮ್ಮ ಶಾಲೆಯ ಹಿಂದೆ," ಎಂದು ಊರಿನ ಹೆಸರು ಹೇಳಿದೆ.

"ಹಂಗಾರೆ ಅದು ಶಾಲೆ ಹಿಂದಿನ ನೀರು. ಇಲ್ಲಿ ತಿರುಗಿದ ನೀರು ನಿಮ್ಮಲ್ಲಿಗೆ ಹತ್ತೂಕೆ ಒಂದು ತಾಸಿನ ಮೇಲೆ ಬೇಕು. ಅದ್ಯಾರಿಗೆ ಗೊತ್ತಿಲ್ಲ?"

ಗೊತ್ತಿಲ್ಲದವಳು ಅವಳ ಎದುರಿಗೇ ನಿಂತಿದ್ದೆ. ನೀರು ಅಳಿವೆಯಿಂದ ಹೊಳೆಯೊಳಕ್ಕೆ ಏರಿ ಬರಲು ಹೊತ್ತು ಹಿಡಿಯುತ್ತದೆ, ಒಂದು ಜಾಗದಲ್ಲಿ ಅಳೆದದ್ದು ಇನ್ನೊಂದು ಜಾಗಕ್ಕೆ ಸಲ್ಲುವುದಿಲ್ಲ. ಇದನ್ನು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಪಟ್ಟಿಯ ಮೇಲೆ ಬರೆಯಲು ಮರೆತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ಪುಟ ತೆರೆದು, ತಲೆಬರಹದ ಕೆಳಗೇ 'ಈ ಪಟ್ಟಿ ತಪ್ಪು, ಬಳಸಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದೆ. ಬರೆದ ಮೇಲೆ ಇತಿಹಾಸ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು: ನನ್ನದು. ಎಲ್ಲರೂ ತಿದ್ದಬಹುದಾದ ಪುಟವನ್ನು ಅಷ್ಟು ತಿಂಗಳಲ್ಲಿ ಒಬ್ಬರೂ ಮುಟ್ಟಿರಲಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ವಿನಾಯಕ ಬಂದ. ಮುಖ ಬಾಡಿತ್ತು. ಎರಡು ತಿಂಗಳ ಹಿಂದೆಯೇ ಅವನು ತನ್ನ ಮಕ್ಕಳನ್ನು ಕಟ್ಟಿಕೊಂಡು ಅಳಿವೆಯಲ್ಲಿ ಅಳೆದು ನೋಡಿದ್ದನಂತೆ. ನನ್ನ ಪಟ್ಟಿ ಅಲ್ಲಿಗೆ ಹೊಂದುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು.

"ಗೊತ್ತಿದ್ದೂ ತಿದ್ದಲಿಲ್ಲವಾ?" ನಾನು ಕೂಗಿಯೇ ಬಿಟ್ಟೆ.

"ಸಂಪಾದಿಸಿ ಗುಂಡಿ ಒತ್ತಿದ್ದೆ ಅಕ್ಕೋರೆ. ನಿಮ್ಮ ಸಾಲಿನ ಮುಂದೆ ಕರ್ಸರ್ ಇಟ್ಟು ಕೂತಿದ್ದೆ. ನನ್ನ ನೋಟುಬುಕ್ಕಿಗೆ ಕೆಂಪು ಶಾಯಿ ಹಾಕಿದವ್ರು ನೀವು. ನಿಮ್ಮ ಸಾಲಿಗೆ ನಾನು ಕಾಟು ಹಾಕೂದಾ? ಅದಕ್ಕೇ ಫೋನು ಮಾಡಿದೆ. ಫೋನಲ್ಲೂ..." ಎಂದವನ ಬಾಯಿಗೆ ಮನೆಯಲ್ಲಾಡುವ ಮಾತು ಬಂತು. "ಯಂಗೆ ಧೈರ್ಯವೇ ಬಂಜಿಲ್ಲೆ."

ಅವನಿಗೆ ನಾಲ್ಕು ಬಯ್ಯಬೇಕೆಂದು ಹೊರಟವಳಿಗೆ ಹಳೆಯದೊಂದು ನೆನಪಾಯಿತು. ಅವನು ಓದುತ್ತಿದ್ದ ತರಗತಿಯಲ್ಲೇ ಒಮ್ಮೆ ಒಬ್ಬ ಹುಡುಗಿ ಎದ್ದು, ಬೋರ್ಡಿನ ಮೇಲೆ ನಾನು ಬರೆದ ಸಮೀಕರಣ ತಪ್ಪಿದೆ ಎಂದಿದ್ದಳು. ತಪ್ಪಿತ್ತು ಕೂಡ. ನಾನು ಅದನ್ನು ಒರೆಸಿ ಸರಿ ಬರೆದು, ಆಮೇಲೆ ಅವಳನ್ನು ಅಧಿಕಪ್ರಸಂಗಿ ಎಂದು ಪಾಠ ಮುಗಿಯುವವರೆಗೆ ನಿಲ್ಲಿಸಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದು ಅದನ್ನೇ. ವಿನಾಯಕ ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆ ದಿನ ನನಗಾದಷ್ಟು ನಾಚಿಕೆ ಹೊಳೆಯ ನಡುವೆಯೂ ಆಗಿರಲಿಲ್ಲ.

ಇಷ್ಟರಲ್ಲಿ ಸುದ್ದಿ ಮೇಲಿನವರೆಗೆ ಹೋಗಿತ್ತು. ರುಕ್ಸಾನಾ ಟೀಚರ್ ಹುಡುಗಿಯರ ತಂದೆ ತಾಯಿಯರನ್ನು ಕರೆದು, ನಡೆದದ್ದನ್ನು ನಡೆದ ಹಾಗೇ ಹೇಳಿ ಬೈಸಿಕೊಂಡಿದ್ದರು. ನಮ್ಮ ಮೇಲಧಿಕಾರಿಗಳು ನನ್ನನ್ನು ಕರೆಸಿದರು. ಮಾವಳ್ಳಿ ಕಡೆಯವರು, ಒಳ್ಳೆಯ ಮನುಷ್ಯರು. ನನ್ನ ನಿವೃತ್ತಿಗೆ ಆಗ ವರ್ಷವೂ ಉಳಿದಿರಲಿಲ್ಲ. ಅವರು ಹೇಳಿದ್ದೆಲ್ಲ ನನ್ನನ್ನು ಉಳಿಸುವುದಕ್ಕಾಗಿಯೇ.

"ಆ ಪುಟ ಅಳಿಸಿಬಿಡಿ ಅಕ್ಕೋರೆ, ಇತಿಹಾಸ ಸಮೇತ. ಯಾರ ಕಣ್ಣಿಗೂ ಬೀಳೂದು ಬೇಡ. ಇನ್ನು ಮುಂದೆ ಜಾಲತಾಣಕ್ಕೆ ಬೀಗ ಹಾಕುವ. ಐದು ಜನರ ಸಮಿತಿ ಮಾಡಿ, ಅವರಷ್ಟೇ ಬರೀಲಿ, ಅವರಷ್ಟೇ ತಿದ್ದಲಿ. ನೀವೇ ಅಧ್ಯಕ್ಷರು."

"ಅಳಿಸೂದಿಲ್ಲ ಸರ್," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ತಪ್ಪು ನಂದು, ಅದು ನನ್ನ ಹೆಸರಲ್ಲೇ ಅಲ್ಲಿ ಇರ್ಲಿ. ಒಬ್ಬಳೇ ಬರೆದದ್ದಕ್ಕೆ ಹೀಗಾದದ್ದು. ಬೀಗ ಹಾಕಿದ್ರೆ ಯಾವಾಗ್ಲೂ ಹೀಗೇ ಆಗ್ತದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೀಗ ಇಲ್ಲದಿದ್ದಾಗ ಯಾರು ತಿದ್ದಿದ್ದಾರೆ, ತೋರಿಸಿ ನೋಡುವ?"

ಕೊನೆಗೆ ಅವರೇ ಒಂದು ಅವಕಾಶ ಕೊಟ್ಟರು. ಬರುವ ತಿಂಗಳು ಕುಮಟೆಯಲ್ಲಿ ಕಾರ್ಯಾಗಾರವಿತ್ತು. ಅವರೂ ಬರುತ್ತಾರೆ. ಸಂಜೆಯೊಳಗೆ ನನ್ನ ಪಾಠವನ್ನು ನನ್ನ ಎದುರಿಗೇ ನಮ್ಮ ಶಿಕ್ಷಕರು ತಿದ್ದಬೇಕು. ಇಲ್ಲವಾದರೆ ಬೀಗ.

ಪುಟಕ್ಕೆ ಸರಿಯಾದ ವೇಳೆ ಬೇಕಿತ್ತು. ಅದನ್ನು ಕೇಳಲು ಒಂದು ಭಾನುವಾರ ಮಾದೇವಿಯ ಮನೆಗೆ ಹೋದೆ. ಜಗುಲಿಯಲ್ಲಿ ಕುಳಿತು ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತಿಗೆ. ಇಬ್ಬರೂ ಕೈಗೆಲಸದ ಜೊತೆ ಮದುವೆಯ ಪದವೊಂದನ್ನು ಹಾಡುತ್ತಿದ್ದರು, ಇವಳೊಂದು ಸಾಲು, ಅವಳೊಂದು ಸಾಲು. ನಡುವೆ ಮಾದೇವಿ ಒಂದು ಸಾಲು ತಪ್ಪಿದಳು. ಅತ್ತಿಗೆ ಅದೇ ಸಾಲನ್ನು ಸರಿಯಾಗಿ ಹೇಳಿದಳು, ಮಾದೇವಿ ಅಲ್ಲಿಂದಲೇ ಮುಂದಿನದನ್ನು ಎತ್ತಿಕೊಂಡಳು. ಯಾರೂ ತಲೆ ಎತ್ತಲಿಲ್ಲ, ಚಿಪ್ಪಿನ ಸದ್ದೂ ನಿಲ್ಲಲಿಲ್ಲ.

"ತಪ್ಪಿದ್ದು ಗೊತ್ತಾತಾ?" ಎಂದು ಕೇಳಿದೆ.

"ಗೊತ್ತಾಗ್ದೆ ಎಂತ? ಅದಕ್ಕೇ ಎರಡು ಬದಿ ಇರೂದು. ಈ ಬದಿಯವ್ರು ತಪ್ಪಿದ್ರೆ ಆ ಬದಿಯವ್ರು ಸರಿ ಹೇಳ್ತಾರೆ. ಪದ ಮುಂದೆ ಹೋತು."

"ಬೇಜಾರಾಗೂದಿಲ್ವಾ?"

"ಪದ ನನ್ನದಾ ಅಕ್ಕೋರೆ, ಬೇಜಾರಾಗೂಕೆ?"

ನನ್ನ ಅವ್ವ ಹೊಳನಗದ್ದೆಯಲ್ಲಿ ಹೆಸರಾದ ಹಾಡುಗಾರ್ತಿ. ನಾಟಿಗೆ, ಮದುವೆಗೆ ಅವಳು ಒಂದು ಬದಿಯಲ್ಲಿ, ನಾನು ಅವಳ ಬೆನ್ನಿಗೆ ಅಂಟಿಕೊಂಡು. ಆಚೆ ಬದಿಯ ಚಿಕ್ಕ ಹುಡುಗಿಯರೂ ನನ್ನವ್ವನ ಸಾಲನ್ನು ತಿದ್ದಿ ಹೇಳಿದ್ದನ್ನು ಎಷ್ಟು ಸಲ ಕೇಳಿಲ್ಲ ನಾನು! ಆಮೇಲೆ ಬಿ.ಎಡ್. ಮಾಡಿದೆ, ಕೆಂಪು ಪೆನ್ನು ಹಿಡಿದೆ, ಅದೆಲ್ಲ ಮರೆತೇ ಹೋಯಿತು.

ಕಾರ್ಯಾಗಾರದ ದಿನ ಮಾದೇವಿ, ಅವಳ ಅತ್ತಿಗೆ, ಇನ್ನಿಬ್ಬರು ಹೆಂಗಸರನ್ನು ಕುಮಟೆಗೆ ಕರೆಸಿದೆ. ಕಂಪ್ಯೂಟರ್ ಕಲಿಯಲು ಬಂದ ಶಿಕ್ಷಕರು ಮುಖ ಮುಖ ನೋಡಿಕೊಂಡರು. ಅಧಿಕಾರಿಗಳು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ನಾನು ಮಾದೇವಿಯ ಬದಿಗೆ ನಿಂತು, ಅವ್ವ ಹೇಳುತ್ತಿದ್ದ ಪದ ಎತ್ತಿದೆ. ತಪ್ಪುವ ನಾಟಕ ಮಾಡಬೇಕೆಂದಿದ್ದೆ, ಅದರ ಅಗತ್ಯವೇ ಬೀಳಲಿಲ್ಲ. ನಾಲ್ಕನೆಯ ಸಾಲಿಗೇ ನಿಜವಾಗಿ ಎಡವಿದೆ. ಆಚೆ ಬದಿಯವರು ಸರಿ ಸಾಲು ಹೇಳಿದರು, ಪದ ಮುಂದೆ ಹೋಯಿತು. ಮುಗಿದ ಮೇಲೆ, ನಾನು ತಪ್ಪಿದ್ದು ಎಲ್ಲಿ ಎಂದು ಸಭೆಗೆ ಕೇಳಿದೆ. ಹೆಚ್ಚಿನವರಿಗೆ ತಪ್ಪಿದ್ದೇ ತಿಳಿದಿರಲಿಲ್ಲ.

"ಈ ಪುಟವೂ ಹೀಗೇ," ಎಂದು ಪರದೆಯ ಮೇಲೆ ನನ್ನ ಪಾಠ ತೆರೆದೆ. "ಈ ಪಟ್ಟಿಯಿಂದಾಗಿ ಇಪ್ಪತ್ತು ಮಕ್ಕಳು ನೀರಿನ ನಡುವೆ ನಿಂತಿದ್ರು. ಇದು ತಪ್ಪು ಅಂತ ಗೊತ್ತಿದ್ದವನು ನನ್ನ ಮರ್ಯಾದೆ ಕಾಯ್ದ. ಅಂಥ ಮರ್ಯಾದೆ ನನಗೆ ಬೇಡ. ವಿನಾಯಕ, ಬಾ."

ಅವನು ಬಂದು ಕುಳಿತ. ಸಂಪಾದಿಸಿ ಒತ್ತಿದ. ಪಟ್ಟಿಯ ಮುಂದೆ ಕರ್ಸರ್ ಮಿನುಗುತ್ತ ನಿಂತಿತು. ಅವನ ಕಿವಿ ಕೆಂಪಾಗಿತ್ತು.

"ತೆಗೀಲಾ ಅಕ್ಕೋರೆ?"

"ಕೇಳಬೇಡ. ಅವರು ಹಾಡುವಾಗ ಕೇಳಿದ್ರಾ?"

ತೆಗೆದ. ಮೂರು ತಿಂಗಳ ಬಿದಿರುಗಳದ ಕೆಲಸ ಒಂದೇ ಏಟಿಗೆ ಹೋದಾಗ ನನಗೆ ನೋವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಕಾರಣ ಬರೆಯುವ ಜಾಗದಲ್ಲಿ ಅವನು ಬರೆದ: 'ಇದು ಶಾಲೆಯ ಹಿಂದಿನ ನೀರು. ಅಳಿವೆಯ ವೇಳೆ ಬೇರೆ.' ಉಳಿಸಿ ಗುಂಡಿ ಒತ್ತಿದ. ಇತಿಹಾಸದಲ್ಲಿ ಮೊದಲ ಸಲ ನನ್ನದಲ್ಲದ ಹೆಸರು ಬಂತು.

ಆಮೇಲೆ ತಡೆಯಲು ಸಾಧ್ಯವಾಗಲಿಲ್ಲ. ರುಕ್ಸಾನಾ ಟೀಚರ್ ಮುಂದೆ ಬಂದು, "ಟೀಚರ್, ಎಲ್ಲಿ ಅಳೆದದ್ದು ಎಂದು ಬರೆಯದ ಪಟ್ಟಿಯನ್ನು ಯಾರೂ ಹಾಕಬಾರದು ಎಂದು ಸೇರಿಸುತ್ತೇನೆ," ಎಂದರು. ಕೇಳಲಿಲ್ಲ, ಹೇಳಿದರು. ಸೇರಿಸಿದರು. ಆಮೇಲೆ ಮಾದೇವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಹೆಸರಿನಲ್ಲೇ ಖಾತೆ ತೆರೆದು, ಅವಳು ಹೇಳಿದ ಹಾಗೆ ಅಳಿವೆಯ ತಿಥಿ ವೇಳೆಗಳನ್ನು ಟೈಪು ಮಾಡಿದರು. ವಿನಾಯಕ ತನ್ನ ಮಕ್ಕಳು ಅಳೆದದ್ದರೊಂದಿಗೆ ಒಂದೊಂದನ್ನೂ ತಾಳೆ ನೋಡಿದ. ಹುಣ್ಣಿಮೆಗೆ ನೀರು ಹೆಚ್ಚು ಇರುತ್ತದೆ ಎಂದಷ್ಟೇ ನಾನು ಬರೆದಿದ್ದೆ. "ಏರೂದೂ ಹೆಚ್ಚು, ಇಳಿಯೂದೂ ಹೆಚ್ಚು. ಬಳಚಿಗೆ ನಾವು ಹೋಗೂದೇ ಆಗ," ಎಂದು ಮಾದೇವಿ ಅದನ್ನೂ ತಿದ್ದಿಸಿದಳು. ಪೆನ್ಸಿಲ್ ಗುರುತಿನ ಲಕೋಟೆ ಕಳಿಸಿದ್ದ ಮಾಸ್ತರರು ತಮ್ಮ ಗುರುತುಗಳನ್ನೆಲ್ಲ ಒಂದೊಂದಾಗಿ ಪುಟಕ್ಕೆ ಇಳಿಸಿದರು. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಅಧಿಕಾರಿಗಳು ಹಿಂದಿನ ಸಾಲಿನಿಂದ ಎದ್ದು ಬಂದರು. ಬೀಗದ ಮಾತು ಬಂತು ಎಂದುಕೊಂಡೆ. ಅವರು ಪರದೆಯತ್ತ ಬೆರಳು ತೋರಿಸಿ, "ಆ ರಂಪಣಿ ಬಲೆಯ ಸಾಲು ಬರೆದದ್ದು ಯಾರು?" ಎಂದರು.

"ನಾನೇ ಸರ್."

"ರಂಪಣಿ ಬಲೆ ದಂಡೆಗೆ ಎಳೆಯೂದು ಹಾಗಲ್ಲ ಮಾರಾಯ್ರೆ. ನಾನು ಚಿಕ್ಕವನಿರುವಾಗ ಅಪ್ಪನ ಜೊತೆ ಎಳೆದವ. ಇಲ್ಲಿ ಹೆಸರು ನೋಂದಾಯಿಸೂದು ಹೆಂಗೆ, ಹೇಳಿ."

ಅವರಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಎರಡು ಸಾಲು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಬೀಗದ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನನ್ನ ತಪ್ಪು ಪಟ್ಟಿ ಇತಿಹಾಸದಲ್ಲಿ ನನ್ನ ಹೆಸರಿನೊಂದಿಗೆ ಈಗಲೂ ಹಾಗೇ ಇದೆ. ಹುಡುಕಿದರೆ ನಿಮಗೂ ಸಿಗುತ್ತದೆ.

ಅಂದು ಹೋಗುವ ಮೊದಲು ನಾನೂ ಪಾಠದ ತುದಿಯಲ್ಲಿ ಒಂದು ಸಾಲು ಸೇರಿಸಿದೆ: 'ಪಟ್ಟಿ ನೋಡುವ ಮೊದಲು ನೀರನ್ನು ನೋಡಿ.' ನಾನು ಬರೆದದ್ದರಲ್ಲೆಲ್ಲ ಶ್ರೇಷ್ಠ ಸಾಲು ಅದು ಎಂದು ನನಗೆ ಅನ್ನಿಸಿತ್ತು. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ವಿನಾಯಕ ಅದನ್ನೇ ಬ್ಯಾನರಿನ ಮೇಲೆ ಬರೆಸಿದ್ದ.

ನಿವೃತ್ತಿಯಾಗಿ ವರ್ಷಗಳಾದವು. ಉಬ್ಬರ ಇಳಿತದ ಪಾಠ ಈಗ ಒಂದಕ್ಕೆ ಹತ್ತಾಗಿದೆ. ಹೊಳೆಯ ಒಂದೊಂದು ತಿರುವಿಗೂ ಬೇರೆ ಬೇರೆ ಪಟ್ಟಿ, ಪ್ರತಿಯೊಂದರ ಮೇಲೂ ಎಲ್ಲಿ ಅಳೆದದ್ದು, ಯಾರನ್ನು ಕೇಳಿದ್ದು ಎಂಬ ವಿವರ. ಹೇಳಿದವರ ಹೆಸರುಗಳಲ್ಲಿ ಬಳಚಿನವರು, ಬಲೆಯವರು, ಹೊಳೆ ದಾಟಿಸುವ ತರಿ ದೋಣಿ ನಡೆಸಿದವರು ಎಲ್ಲ ಇದ್ದಾರೆ. ಉರ್ದು ಪುಟದಲ್ಲಿ ಕನ್ನಡಕ್ಕಿಂತ ಹೆಚ್ಚು ಚಿತ್ರಗಳಿವೆ. ನೋಡಿದಾಗ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಗುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತ 'ಇತ್ತೀಚಿನ ಬದಲಾವಣೆಗಳು' ನೋಡುವುದು ನನ್ನ ದಿನಪತ್ರಿಕೆ.

ಮೊನ್ನೆ ಹಾಗೆ ನೋಡುವಾಗ ಮಾವಳ್ಳಿ ಕಡೆಯ ಯಾರೋ ಹೊಸ ಶಿಕ್ಷಕಿಯ ಹೆಸರು ಕಂಡಿತು. ನನ್ನ ಶ್ರೇಷ್ಠ ಸಾಲನ್ನು ತೆಗೆದುಹಾಕಿದ್ದಳು. ಅದರ ಜಾಗದಲ್ಲಿ ಬರೆದದ್ದು: 'ಮೊದಲು ಅಲ್ಲಿಯವರನ್ನು ಕೇಳಿ. ಆಮೇಲೆ ನೀರು ನೋಡಿ.' ಕಾರಣದ ಜಾಗದಲ್ಲಿ: 'ನೀರು ನೋಡಿದರೂ ಹೊರಗಿನವರಿಗೆ ತಿಳಿಯುವುದಿಲ್ಲ.' ಫೋನಿಲ್ಲ, ಲಕೋಟೆಯಿಲ್ಲ, ಕ್ಷಮೆ ಕೇಳಿದ್ದಿಲ್ಲ. ಈ ಸಾಲು ಬರೆದವಳು ಯಾರೆಂದೂ ಅವಳಿಗೆ ಗೊತ್ತಿರಲಾರದು.

ಹಳೆಯ ಕೈ, ನೇರ 'ರದ್ದುಮಾಡಿ' ಗುಂಡಿಯ ಮೇಲೆ ಹೋಯಿತು. ಅಲ್ಲೇ ತಡೆದು ಮತ್ತೊಮ್ಮೆ ಓದಿದೆ. ಆ ದಿನ ಆ ದಿಬ್ಬದ ಮೇಲೆ ನಾನು ನೀರನ್ನು ನೋಡಿರಲಿಲ್ಲ, ಸರಿ. ನೋಡಿದ್ದರೂ ತಿರುಗಿದ್ದು ನನಗೆ ತಿಳಿಯುತ್ತಿತ್ತೇ? ತಿಳಿದದ್ದು ಮಾದೇವಿಗೆ. ಹುಡುಗಿ ಬರೆದದ್ದೇ ಸರಿ. 'ಧನ್ಯವಾದ' ಎಂಬ ಗುಂಡಿ ಒತ್ತಿದೆ. ಆಮೇಲೆ ಕುತೂಹಲಕ್ಕೆ ಇಡೀ ಪುಟವನ್ನು ನನ್ನ ಮೊದಲ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿದೆ. ನಾನು ಬರೆದ ಒಂದು ಸಾಲೂ ಅಲ್ಲಿ ಬರೆದ ಹಾಗೆ ಉಳಿದಿರಲಿಲ್ಲ. ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಯಾರಿಗಾದರೂ ಹೇಳಲೇಬೇಕಿತ್ತು. ಮಾದೇವಿಗೆ ಫೋನು ಮಾಡಿ, ಪುಟದಲ್ಲಿ ಈಗ ನನ್ನದು ಅಂತ ಏನೂ ಉಳಿದಿಲ್ಲ ಮಾರಾಯ್ತಿ ಎಂದೆ.

"ಹೌದನ?" ಎಂದಳು. ಹಿಂದಿನಿಂದ ಚಿಪ್ಪಿನ ಸದ್ದು ಕೇಳುತ್ತಿತ್ತು. "ಹಂಗಾರೆ ಪದ ಮುಂದೆ ಹೋತು ಅಲ್ರಾ."